ಸಫಾವಿ ಅರಸುಮನೆಯಲ್ಲಿ ಉತ್ತರಾಧಿಕಾರದ ಸಮಸ್ಯೆ

ರಾಜ್ಯವನ್ನು ಗಳಿಸಲು ಶೌರ್ಯ ಬೇಕು, ಆಳಲು ವಿವೇಕ ಬೇಕು. ಆದರೆ ಗಳಿಸಿದ ರಾಜ್ಯವನ್ನು ಮುಂದಿನವರ ಕೈಗೆ ಒಪ್ಪಿಸಲು ಇವೆರಡಕ್ಕಿಂತ ಭಿನ್ನವಾದ ಇನ್ನೊಂದು ಗುಣ ಬೇಕಾಗುತ್ತದೆ. ತನ್ನ ನಂತರವೂ ಲೋಕವಿದೆ ಎಂಬ ಅರಿವು, ಆ ಲೋಕಕ್ಕಾಗಿ ಮತ್ತೊಬ್ಬನನ್ನು ಸಿದ್ಧಗೊಳಿಸುವ ಔದಾರ್ಯ, ಇವೇ ಆ ಗುಣ. ಚರಿತ್ರೆಯಲ್ಲಿ ಮೊದಲಿನ ಎರಡು ಗುಣಗಳುಳ್ಳ ಅರಸರು ಹಲವರು ಸಿಗುತ್ತಾರೆ. ಮೂರನೆಯ ಗುಣವುಳ್ಳವರು ವಿರಳ. ಈ ಮಾತಿಗೆ ಪರ್ಷಿಯಾ ದೇಶವನ್ನು ಕ್ರಿ. ಶ. 1501ರಿಂದ 1736ರವರೆಗೆ, ಅಂದರೆ 235 ವರ್ಷಗಳ ಕಾಲ, ಹೆಸರಿಗಾದರೂ ಆಳಿದ ಸಫಾವಿ ರಾಜವಂಶದ ಕಥೆಯು ಒಂದು ಉತ್ತಮ ನಿದರ್ಶನವಾಗಿದೆ. ಈ ವಂಶದಲ್ಲಿ ಹನ್ನೊಂದು ಮಂದಿ ಅರಸರು ಪಟ್ಟವೇರಿದರು. ಅವರಲ್ಲಿ ಅತ್ಯಂತ ಸಮರ್ಥನಾದವನೇ ತನ್ನ ವಂಶದ ಭವಿಷ್ಯಕ್ಕೆ ಅತ್ಯಂತ ಹೆಚ್ಚಿನ ಹಾನಿಯನ್ನು ಮಾಡಿದನೆಂಬುದು ಈ ಇತಿಹಾಸದ ವಿಪರ್ಯಾಸ.

ಗುರುಪೀಠದಿಂದ ಸಿಂಹಾಸನಕ್ಕೆ

ಸಫಾವಿಗಳು ಮೊದಲಿಗೆ ಅರಸರಲ್ಲ, ಗುರುಗಳು. ಪರ್ಷಿಯಾದ ವಾಯವ್ಯ ಭಾಗದಲ್ಲಿರುವ ಅರ್ದಬಿಲ್ ಎಂಬ ಊರಿನಲ್ಲಿ ಷೇಖ್ ಸಫಿಯುದ್ದೀನನೆಂಬ ಸೂಫಿ ಸಂತನಿದ್ದನು. ಅವನು 1334ರಲ್ಲಿ ದೇಹವಿಟ್ಟನು. ಅವನ ಹೆಸರಿನಿಂದಲೇ ಆ ಪಂಥಕ್ಕೆ ಸಫಾವಿ ಎಂಬ ಹೆಸರು ಬಂದಿತು. ಸಫಿಯುದ್ದೀನನ ತರುವಾಯ ಗುರುಪೀಠವು ತಂದೆಯಿಂದ ಮಗನಿಗೆ ಬರುತ್ತ, ಒಂದು ಶತಮಾನಕ್ಕೂ ಹೆಚ್ಚು ಕಾಲ ಶಾಂತವಾಗಿ ನಡೆದುಕೊಂಡು ಹೋಯಿತು. ಅರಸರು ಅವರಿಗೆ ಕಾಣಿಕೆಗಳನ್ನು ಒಪ್ಪಿಸಿದರು. ದೂರದೂರದ ತುರ್ಕಿ ಪಂಗಡಗಳು ಶಿಷ್ಯರಾದವು.

ಹದಿನೈದನೆಯ ಶತಮಾನದ ನಡುಭಾಗದಲ್ಲಿ ಪೀಠಕ್ಕೆ ಬಂದ ಜುನೈದನು ಧರ್ಮದಂಡದೊಡನೆ ಖಡ್ಗವನ್ನೂ ಹಿಡಿದನು. ಅವನು 1460ರಲ್ಲಿಯೂ, ಅವನ ಮಗ ಹೈದರನು 1488ರಲ್ಲಿಯೂ ಯುದ್ಧದಲ್ಲಿ ಮಡಿದರು. ಹೈದರನ ಹಿರಿಯ ಮಗನೂ ಶತ್ರುಗಳ ಕೈಯಲ್ಲಿ ಹತನಾದನು. ಉಳಿದವನು ಇಸ್ಮಾಯಿಲ್ ಎಂಬ ಬಾಲಕ. ಶಿಷ್ಯರು ಅವನನ್ನು ಕಾಸ್ಪಿಯನ್ ಸಮುದ್ರದ ತೀರದ ಗಿಲಾನ್ ಪ್ರಾಂತದಲ್ಲಿ ಅಡಗಿಸಿ ಸಾಕಿದರು. ಆ ಬಾಲಕನೇ ಹದಿನಾಲ್ಕನೆಯ ವಯಸ್ಸಿನಲ್ಲಿ, 1501ರಲ್ಲಿ, ತಬ್ರೀಜ್ ನಗರವನ್ನು ಪ್ರವೇಶಿಸಿ ಷಾ ಎಂಬ ಬಿರುದನ್ನು ಧರಿಸಿದನು. ಹನ್ನೆರಡು ಇಮಾಮರನ್ನು ಪೂಜ್ಯರೆಂದು ಭಾವಿಸುವ ಷಿಯಾ ಪಂಥವನ್ನು ರಾಜ್ಯದ ಧರ್ಮವೆಂದು ಸಾರಿದನು. ಅವನ ಸೈನಿಕರು ಹನ್ನೆರಡು ಮಡಿಕೆಗಳ ಕೆಂಪು ಟೊಪ್ಪಿಗೆಯನ್ನು ಧರಿಸುತ್ತಿದ್ದುದರಿಂದ ಅವರಿಗೆ ಕಿಜಿಲ್‌ಬಾಷ್, ಅಂದರೆ ಕೆಂಪು ತಲೆಯವರು, ಎಂಬ ಹೆಸರು ಬಂದಿತು.

ಈ ಹೊಸ ರಾಜವಂಶದ ಕೀರ್ತಿಯು ಕರ್ನಾಟಕದ ನೆಲವನ್ನೂ ಬೇಗನೆ ಮುಟ್ಟಿತು. ಬಿಜಾಪುರದಲ್ಲಿ ಆದಿಲಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲ್ ಖಾನನು ಷಾ ಇಸ್ಮಾಯಿಲನು ಪಟ್ಟವೇರಿದ ಸ್ವಲ್ಪ ಕಾಲದಲ್ಲಿಯೇ ತನ್ನ ರಾಜ್ಯದಲ್ಲಿ ಷಿಯಾ ಪಂಥವನ್ನು ಸಾರಿದನು. ಅವನ ಮಗ ಇಸ್ಮಾಯಿಲ್ ಆದಿಲ್ ಶಾಹನು ಪರ್ಷಿಯಾದ ರಾಯಭಾರಿಯನ್ನು ಆದರಿಸಿ, ತನ್ನ ಸೇನೆಯವರು ಹನ್ನೆರಡು ಮೂಲೆಗಳ ಕೆಂಪು ಟೊಪ್ಪಿಗೆಯನ್ನು ಧರಿಸಬೇಕೆಂದೂ, ಶುಕ್ರವಾರದ ಪ್ರಾರ್ಥನೆಯಲ್ಲಿ ಪರ್ಷಿಯಾದ ರಾಜಮನೆತನಕ್ಕೆ ಶುಭವನ್ನು ಕೋರಬೇಕೆಂದೂ ಆಜ್ಞಾಪಿಸಿದನೆಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅರ್ದಬಿಲಿನ ಗುರುಪೀಠದ ಟೊಪ್ಪಿಗೆಯು ಹೀಗೆ ಕೆಲವು ಕಾಲ ಕನ್ನಡ ನಾಡಿನ ದಂಡಿನಲ್ಲಿಯೂ ಕಾಣಿಸಿಕೊಂಡಿತು.

ಶಿಷ್ಯರು ಇಸ್ಮಾಯಿಲನನ್ನು ಕೇವಲ ಅರಸನೆಂದು ತಿಳಿಯಲಿಲ್ಲ. ದೈವಾಂಶವುಳ್ಳ ಗುರುವೆಂದೇ ನಂಬಿದರು. ಆದರೆ 1514ರಲ್ಲಿ ಚಾಲ್ದಿರಾನ್ ಬಯಲಿನಲ್ಲಿ ಆಟೋಮನ್ ತುರ್ಕರ ಫಿರಂಗಿಗಳ ಮುಂದೆ ಅವನು ಸೋತನು. ಗುರುವು ಸೋಲನ್ನೇ ಅರಿಯದವನೆಂಬ ನಂಬಿಕೆಗೆ ಅಂದು ಬಿರುಕುಬಿಟ್ಟಿತು. ಆ ಬಳಿಕ ಇಸ್ಮಾಯಿಲನು ತಾನಾಗಿ ಸೇನೆಯನ್ನು ನಡೆಸಿ ದೊಡ್ಡ ಯುದ್ಧಕ್ಕೆ ಹೋಗಲಿಲ್ಲ. 1524ರಲ್ಲಿ, ನಾಲ್ವತ್ತು ವರ್ಷ ತುಂಬುವುದಕ್ಕೆ ಮೊದಲೇ, ತೀರಿಕೊಂಡನು. ಅವನ ಮಗ ತಹಮಾಸ್ಪನಿಗೆ ಆಗ ಕೇವಲ ಹತ್ತು ವರ್ಷ.

ನಿಯಮವಿಲ್ಲದ ಪದ್ಧತಿ

ಅರಸನ ನಂತರ ಯಾರು ಎಂಬ ಪ್ರಶ್ನೆಗೆ ಸಫಾವಿಗಳಲ್ಲಿ ಸ್ಪಷ್ಟವಾದ ಉತ್ತರವಿರಲಿಲ್ಲ. ಹಿರಿಯ ಮಗನಿಗೇ ಪಟ್ಟವೆಂಬ ಶಾಸನವಾಗಲಿ, ಅದನ್ನು ಮೀರಬಾರದೆಂಬ ಕಟ್ಟುಪಾಡಾಗಲಿ ಇರಲಿಲ್ಲ. ಮಧ್ಯ ಏಷ್ಯದ ತುರ್ಕಿ ಮತ್ತು ಮಂಗೋಲ ಜನರಲ್ಲಿ ರಾಜ್ಯವು ಒಬ್ಬನ ಸೊತ್ತಲ್ಲ, ಇಡೀ ಮನೆತನದ ಸೊತ್ತು ಎಂಬ ಭಾವನೆ ಬಹುಕಾಲದಿಂದ ಬೇರೂರಿತ್ತು. ಅದರಂತೆ ರಾಜರಕ್ತವುಳ್ಳ ಪ್ರತಿಯೊಬ್ಬ ಗಂಡಸೂ ಪಟ್ಟಕ್ಕೆ ಅರ್ಹನೇ. ಅಣ್ಣ, ತಮ್ಮ, ಚಿಕ್ಕಪ್ಪ, ದಾಯಾದಿ ಯಾರನ್ನಾದರೂ ಮುಂದೆ ಮಾಡಿಕೊಂಡು ಒಂದು ಗುಂಪು ಖಡ್ಗವೆತ್ತಬಹುದಾಗಿತ್ತು. ಅರಸನು ತನ್ನ ಇಚ್ಛೆಯಂತೆ ಒಬ್ಬನನ್ನು ಹೆಸರಿಸಬಹುದು. ಆದರೆ ಅವನು ಕಣ್ಣುಮುಚ್ಚಿದ ಮೇಲೆ ಆ ಇಚ್ಛೆಯನ್ನು ನಡೆಸಿಕೊಡುವವರು ಸೇನಾನಾಯಕರೇ.

ಈ ಅವ್ಯವಸ್ಥೆಯ ನಡುವೆಯೂ ಒಂದು ಒಳ್ಳೆಯ ಪದ್ಧತಿಯಿತ್ತು. ರಾಜಕುಮಾರನು ಇನ್ನೂ ಎಳೆಯವನಾಗಿರುವಾಗಲೇ ಅವನನ್ನು ಒಂದು ಪ್ರಾಂತದ ಅಧಿಪತಿಯನ್ನಾಗಿ ಮಾಡಿ, ಒಬ್ಬ ಕಿಜಿಲ್‌ಬಾಷ್ ಸರದಾರನನ್ನು ಅವನ ಪಾಲಕನನ್ನಾಗಿ ನೇಮಿಸುತ್ತಿದ್ದರು. ಈ ಪಾಲಕನಿಗೆ ಲಾಲಾ ಎಂದು ಹೆಸರು. ಅವನು ಬಾಲಕನಿಗೆ ಕುದುರೆ ಸವಾರಿ, ಬಿಲ್ಲುಗಾರಿಕೆ, ಲೆಕ್ಕಪತ್ರ, ನ್ಯಾಯದಾನ, ಜನರೊಡನೆ ನಡೆದುಕೊಳ್ಳುವ ರೀತಿ ಇವೆಲ್ಲವನ್ನೂ ಕಲಿಸಬೇಕು. ರಾಜಕುಮಾರನು ತನ್ನ ನಾಡನ್ನು ಕಣ್ಣಾರೆ ಕಂಡು, ಅದರ ಬಿಸಿಲು ಗಾಳಿಗಳಲ್ಲಿ ಬೆಳೆಯುತ್ತಿದ್ದನು. ಅರಸುತನಕ್ಕೆ ಇದೊಂದು ಪಾಠಶಾಲೆಯೇ ಆಗಿತ್ತು.

ಆದರೆ ಈ ಪದ್ಧತಿಯೊಳಗೆ ಒಂದು ಅಪಾಯವೂ ಅಡಗಿತ್ತು. ಬಾಲಕನು ಯಾರ ಕೈಯಲ್ಲಿರುವನೋ ಅವರಿಗೆ ಸಿಂಹಾಸನದ ದಾರಿ ತೆರೆದಂತೆ. ಲಾಲಾ ಆದವನು ಸಮಯ ಬಂದಾಗ ತನ್ನ ಶಿಷ್ಯನನ್ನು ಮುಂದಿಟ್ಟುಕೊಂಡು ದಂಗೆಯೇಳಬಹುದು. ತಹಮಾಸ್ಪನ ಬಾಲ್ಯದಲ್ಲಿ ಕಿಜಿಲ್‌ಬಾಷ್ ಪಂಗಡಗಳು ಅರಸನ ಪಾಲನೆಗಾಗಿ ತಮ್ಮತಮ್ಮಲ್ಲಿಯೇ ಹೋರಾಡಿ, ಸುಮಾರು ಹತ್ತು ವರ್ಷಗಳ ಕಾಲ ರಾಜ್ಯವನ್ನು ಕ್ಷೋಭೆಗೆ ಗುರಿಮಾಡಿದವು. ಕಲಿಸುವ ಪದ್ಧತಿಯನ್ನು ಉಳಿಸಿಕೊಂಡು ಅಪಾಯವನ್ನು ಮಾತ್ರ ನಿವಾರಿಸುವುದು ಹೇಗೆ ಎಂಬುದೇ ಸಫಾವಿ ಅರಸರ ಮುಂದಿದ್ದ ನಿಜವಾದ ಸಮಸ್ಯೆ.

1576ರ ದುರಂತ

ತಹಮಾಸ್ಪನು ಐವತ್ತೆರಡು ವರ್ಷ ಆಳಿದನು. ಈ ವಂಶದಲ್ಲಿ ಇಷ್ಟು ದೀರ್ಘಕಾಲ ಆಳಿದವನು ಮತ್ತೊಬ್ಬನಿಲ್ಲ. ರಾಜ್ಯವನ್ನು ಕಳೆದುಕೊಂಡು ಬಂದ ಮೊಗಲ ದೊರೆ ಹುಮಾಯೂನನಿಗೆ 1544ರಲ್ಲಿ ಆಶ್ರಯವಿತ್ತವನು ಇವನೇ. 1555ರಲ್ಲಿ ಆಟೋಮನ್ನರೊಡನೆ ಅಮಾಸ್ಯಾ ಒಪ್ಪಂದವನ್ನು ಮಾಡಿಕೊಂಡು, ರಾಜಧಾನಿಯನ್ನು ಗಡಿಗೆ ಸಮೀಪದ ತಬ್ರೀಜಿನಿಂದ ಒಳನಾಡಿನ ಕಜ್ವಿನ್ ನಗರಕ್ಕೆ ಸಾಗಿಸಿದವನೂ ಇವನೇ. ಇಷ್ಟೆಲ್ಲ ಜಾಗರೂಕನಾಗಿದ್ದ ಅರಸನು ಉತ್ತರಾಧಿಕಾರದ ವಿಷಯದಲ್ಲಿ ಮಾತ್ರ ಕೊನೆಯವರೆಗೂ ನಿರ್ಧಾರವನ್ನು ತೆಗೆದುಕೊಳ್ಳಲಿಲ್ಲ. ಹಿರಿಯ ಮಗ ಮೊಹಮ್ಮದ್ ಖುದಾಬಂದನು ಕಣ್ಣಿನ ಬೇನೆಯಿಂದ ಬಹುಮಟ್ಟಿಗೆ ಕುರುಡನಾಗಿದ್ದನು. ಯುದ್ಧದಲ್ಲಿ ಹೆಸರು ಪಡೆದಿದ್ದ ಇನ್ನೊಬ್ಬ ಮಗ ಇಸ್ಮಾಯಿಲನ ಮೇಲೆ ತಂದೆಗೆ ಸಂಶಯ ಹುಟ್ಟಿ, ಅವನನ್ನು ಕಹಕಹಾ ಎಂಬ ಗಿರಿದುರ್ಗದಲ್ಲಿ ಸುಮಾರು ಇಪ್ಪತ್ತು ವರ್ಷ ಸೆರೆಯಲ್ಲಿಟ್ಟನು. ಮೂರನೆಯವನಾದ ಹೈದರನು ಅರಮನೆಯಲ್ಲಿಯೇ ಇದ್ದು ತಂದೆಯ ಪ್ರೀತಿಗೆ ಪಾತ್ರನಾಗಿದ್ದನು.

1576ರ ಮೇ ತಿಂಗಳಲ್ಲಿ ತಹಮಾಸ್ಪನು ತೀರಿಕೊಂಡ ಕೂಡಲೇ ಹೈದರನು ತಾನೇ ಅರಸನೆಂದು ಸಾರಿದನು. ಆದರೆ ಆ ದಿನ ಅರಮನೆಯ ಪಹರೆಯಲ್ಲಿದ್ದವರು ವಿರೋಧ ಪಕ್ಷದವರು. ಹೊರಗಿನ ಬೆಂಬಲಿಗರು ಒಳಗೆ ಬರುವ ಮೊದಲೇ ಅವನ ಕೊಲೆಯಾಯಿತು. ಇಸ್ಮಾಯಿಲನ ಪಕ್ಷವನ್ನು ಹಿಡಿದು ಈ ಸೂತ್ರವನ್ನು ನಡೆಸಿದವರಲ್ಲಿ ತಹಮಾಸ್ಪನ ಮಗಳು, ಬುದ್ಧಿವಂತೆಯೂ ರಾಜಕಾರ್ಯ ನಿಪುಣೆಯೂ ಆದ ಪರೀ ಖಾನ್ ಖಾನಮ್ ಮುಖ್ಯಳು.

ಕತ್ತಲೆಯ ಕೋಟೆಯಿಂದ ಹೊರಬಂದ ಇಸ್ಮಾಯಿಲನು ಬೆಳಕನ್ನು ಕಂಡು ಹಿಗ್ಗಲಿಲ್ಲ, ಕಂಡವರೆಲ್ಲರನ್ನೂ ಅನುಮಾನಿಸಿದನು. ಒಂದೂವರೆ ವರ್ಷದೊಳಗೆ ಸೋದರರನ್ನೂ ದಾಯಾದಿಗಳನ್ನೂ ಒಬ್ಬೊಬ್ಬರನ್ನಾಗಿ ಕೊಲ್ಲಿಸಿದನು. ತನ್ನನ್ನು ಪಟ್ಟಕ್ಕೆ ತಂದ ಸೋದರಿಯನ್ನೂ ದೂರವಿಟ್ಟನು. ಖುರಾಸಾನದ ಹೆರಾತ್ ನಗರದಲ್ಲಿ ಖುದಾಬಂದನ ಮಗ, ಆರು ವರ್ಷದ ಅಬ್ಬಾಸನಿದ್ದನು. ಅವನನ್ನು ಕೊಲ್ಲಬೇಕೆಂದು ಒಬ್ಬ ಸರದಾರನಿಗೆ ಆಜ್ಞೆಯಾಯಿತು. ಆ ಸರದಾರನು ಕೈಯೆತ್ತಲು ಹಿಂದೆಮುಂದೆ ನೋಡುತ್ತಿರುವಾಗಲೇ, 1577ರ ನವೆಂಬರಿನಲ್ಲಿ, ಇಸ್ಮಾಯಿಲನು ಸತ್ತ ಸುದ್ದಿ ಬಂದಿತು. ಅವನು ಸೇವಿಸುತ್ತಿದ್ದ ಅಫೀಮಿನಲ್ಲಿ ವಿಷ ಬೆರೆಸಲಾಗಿತ್ತೆಂಬ ಸಂಶಯ ಅಂದೇ ಹರಡಿತು.

ದೃಷ್ಟಿದೋಷವೆಂದು ಹಿಂದೆ ತಳ್ಳಿದ್ದ ಖುದಾಬಂದನನ್ನೇ ಈಗ ಸಿಂಹಾಸನಕ್ಕೆ ಕರೆತರಬೇಕಾಯಿತು, ಏಕೆಂದರೆ ಬೇರೆ ಪ್ರಾಪ್ತವಯಸ್ಕರು ಉಳಿದಿರಲಿಲ್ಲ. ಅವನ ಹೆಸರಿನಲ್ಲಿ ಆಡಳಿತವನ್ನು ನಡೆಸಿದವಳು ಪತ್ನಿ ಖೈರುನ್ನಿಸಾ ಬೇಗಮ್. ಪರೀ ಖಾನ್ ಖಾನಮಳು 1578ರಲ್ಲಿ ಹತಳಾದಳು. ಮಾರನೆಯ ವರ್ಷ ಕಿಜಿಲ್‌ಬಾಷ್ ಸರದಾರರು ರಾಣಿವಾಸವನ್ನೇ ಹೊಕ್ಕು ಖೈರುನ್ನಿಸಾ ಬೇಗಮಳನ್ನು ಕೊಂದರು. 1586ರಲ್ಲಿ ಯುವರಾಜ ಹಂಜಾ ಮಿರ್ಜಾನ ಕೊಲೆಯಾಯಿತು. ಗುರುವಿಗಾಗಿ ಪ್ರಾಣವನ್ನು ಅರ್ಪಿಸುತ್ತಿದ್ದ ಶಿಷ್ಯರ ಸಂತತಿಯವರೇ ಗುರುವಿನ ಮನೆತನವನ್ನು ಹೀಗೆ ಬಲಿಕೊಟ್ಟರು.

ಮಹಾ ಅಬ್ಬಾಸನ ಭಯ

1587ರಲ್ಲಿ ಹದಿನಾರು ವರ್ಷದ ಅಬ್ಬಾಸನು ತಂದೆಯ ಕೈಯಿಂದ ಕಿರೀಟವನ್ನು ಪಡೆದಾಗ, ಅವನು ಈ ರಕ್ತಪಾತವನ್ನೆಲ್ಲ ಕಂಡು ಕೇಳಿ ಬೆಳೆದವನಾಗಿದ್ದನು. ತನ್ನ ತಾಯಿಯನ್ನು ಕೊಂದವರು ಸರದಾರರು, ತನ್ನ ಅಣ್ಣನನ್ನು ಕಳೆದುಕೊಂಡದ್ದು ಪಾಳೆಯದಲ್ಲಿ, ತನ್ನ ಪ್ರಾಣ ಉಳಿದದ್ದು ಒಂದು ಆಕಸ್ಮಿಕದಿಂದ. ತನ್ನನ್ನು ಪಟ್ಟಕ್ಕೆ ತಂದ ಮುರ್ಷಿದ್ ಕುಲಿ ಖಾನನೇ ತನ್ನ ಒಡೆಯನಂತೆ ವರ್ತಿಸಿದಾಗ, ಎರಡು ವರ್ಷಗಳೊಳಗೆ ಅವನನ್ನು ಕೊಲ್ಲಿಸಿದನು. ಬಳಿಕ ಕಿಜಿಲ್‌ಬಾಷರ ಬಲವನ್ನು ಕುಗ್ಗಿಸಲು, ಜಾರ್ಜಿಯಾ, ಅರ್ಮೇನಿಯಾ ಮತ್ತು ಸರ್ಕೇಶಿಯಾ ಮೂಲದ, ಅರಸನಿಗೆ ಮಾತ್ರ ನಿಷ್ಠರಾದ ಗುಲಾಮರ ಸೇನೆಯನ್ನು ಬಲಪಡಿಸಿದನು. ಜಾರ್ಜಿಯಾ ಮೂಲದ ಅಲ್ಲಾವರ್ದಿ ಖಾನನು ಫಾರ್ಸ್ ಪ್ರಾಂತದ ಅಧಿಪತಿಯಾದನು. ಇಸ್ಫಹಾನ್ ನಗರವು 1598ರಲ್ಲಿ ರಾಜಧಾನಿಯಾಯಿತು. ಅದರ ವಿಶಾಲವಾದ ಚೌಕ, ಮಸೀದಿ, ಸಾಲುಮರಗಳ ಬೀದಿಗಳು ಇಂದಿಗೂ ಅವನ ಹೆಸರನ್ನು ಹೇಳುತ್ತಿವೆ. 1603ರಲ್ಲಿ ತಬ್ರೀಜನ್ನು ತುರ್ಕರಿಂದ ಮರಳಿ ಪಡೆದನು. 1622ರಲ್ಲಿ ಇಂಗ್ಲಿಷರ ಹಡಗುಗಳ ನೆರವಿನಿಂದ ಪೋರ್ಚುಗೀಸರನ್ನು ಹೋರ್ಮುಜ್ ದ್ವೀಪದಿಂದ ಓಡಿಸಿದನು. ಇಂಥ ಅರಸನನ್ನು ಚರಿತ್ರೆಯು ಮಹಾ ಅಬ್ಬಾಸನೆಂದು ಕರೆದರೆ ಅದರಲ್ಲಿ ಅತಿಶಯೋಕ್ತಿಯಿಲ್ಲ.

ಆದರೆ ಹೊರಗಿನ ಶತ್ರುಗಳಿಗೆ ಅಂಜದ ಈ ವೀರನು ತನ್ನ ಮಕ್ಕಳಿಗೆ ಅಂಜಿದನು. ತಾನು ತಂದೆಯ ಜೀವಿತ ಕಾಲದಲ್ಲಿಯೇ ಸರದಾರರ ನೆರವಿನಿಂದ ಕಿರೀಟವನ್ನು ಪಡೆದವನಾದುದರಿಂದ, ತನ್ನ ಮಗನೂ ಹಾಗೆಯೇ ಮಾಡಬಹುದೆಂಬ ಶಂಕೆ ಅವನನ್ನು ಬಿಡಲಿಲ್ಲ. ಹಿರಿಯ ಮಗ ಸಫೀ ಮಿರ್ಜಾನು ಜನರ ಮೆಚ್ಚುಗೆಗೆ ಪಾತ್ರನಾಗಿದ್ದನು. ಆ ಮೆಚ್ಚುಗೆಯೇ ಅವನಿಗೆ ಮುಳುವಾಯಿತು. ಕೆಲವು ಸರದಾರರು ಅವನೊಡನೆ ಸೇರಿ ಸಂಚು ಮಾಡುತ್ತಿರುವರೆಂಬ ಮಾತು ಅರಸನ ಕಿವಿಗೆ ಬಿದ್ದಿತು. 1615ರಲ್ಲಿ ಗಿಲಾನ್ ಪ್ರಾಂತದ ರಷ್ತ್ ಪಟ್ಟಣದಲ್ಲಿ ತಂದೆಯ ಆಜ್ಞೆಯಂತೆ ಸಫೀ ಮಿರ್ಜಾನನ್ನು ಕೊಲ್ಲಲಾಯಿತು. ಅನಂತರ ಅಬ್ಬಾಸನು ಬಹಳವಾಗಿ ಪರಿತಪಿಸಿದನೆಂದು ಹೇಳುತ್ತಾರೆ. ಆದರೆ ಪಶ್ಚಾತ್ತಾಪವು ಅವನ ಭಯವನ್ನು ಹೋಗಲಾಡಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಉಳಿದಿದ್ದ ಇನ್ನಿಬ್ಬರು ಮಕ್ಕಳ ಕಣ್ಣುಗಳನ್ನು ಕೀಳಿಸಿದನು. ಕಣ್ಣಿಲ್ಲದವನು ಅರಸನಾಗಲಾರನೆಂಬುದು ಆ ಕಾಲದ ರೂಢಿ. ಖುದಾಬಂದನದು ಗತ್ಯಂತರವಿಲ್ಲದ ಒಂದು ಅಪವಾದ ಮಾತ್ರ.

ಇದಕ್ಕಿಂತ ದೀರ್ಘವಾದ ಪರಿಣಾಮವನ್ನು ಉಂಟುಮಾಡಿದ್ದು ಅಬ್ಬಾಸನ ಇನ್ನೊಂದು ನಿರ್ಧಾರ. ರಾಜಕುಮಾರರನ್ನು ಪ್ರಾಂತಗಳಿಗೆ ಕಳುಹಿಸುವ ಪದ್ಧತಿಯನ್ನು ಅವನು ನಿಲ್ಲಿಸಿಬಿಟ್ಟನು. ಇನ್ನು ಮುಂದೆ ಅವರು ಅಂತಃಪುರದ ಗೋಡೆಗಳೊಳಗೇ, ಸ್ತ್ರೀಯರ ಮತ್ತು ನಪುಂಸಕ ಸೇವಕರ ನಡುವೆ, ಹೊರಗಿನವರ ಕಣ್ಣಿಗೆ ಬೀಳದಂತೆ ಬೆಳೆಯಬೇಕಾಯಿತು. ಲಾಲಾಗಳ ದಂಗೆಯ ಭಯ ನೀಗಿತು. ಜೊತೆಗೆ ಅರಸುತನದ ಪಾಠಶಾಲೆಯೂ ಮುಚ್ಚಿಹೋಯಿತು. ಹೆಚ್ಚುಕಡಿಮೆ ಇದೇ ಕಾಲದಲ್ಲಿ ಆಟೋಮನ್ನರೂ ತಮ್ಮ ರಾಜಕುಮಾರರನ್ನು ಪ್ರಾಂತಗಳಿಗೆ ಕಳುಹಿಸುವುದನ್ನು ಬಿಟ್ಟು ಅರಮನೆಯೊಳಗೇ ಇರಿಸತೊಡಗಿದ್ದರು. ಮೊಗಲರು ಮಾತ್ರ ಮಕ್ಕಳನ್ನು ಸುಬೇದಾರರನ್ನಾಗಿ ಕಳುಹಿಸಿ ಯುದ್ಧ ಮತ್ತು ಆಡಳಿತಗಳಲ್ಲಿ ಪಳಗಿಸಿದರು. ಅದಕ್ಕೆ ಅವರು ತೆತ್ತ ಬೆಲೆ ಷಾಜಹಾನನ ಮಕ್ಕಳು 1657ರಿಂದ ನಡೆಸಿದಂಥ ಸೋದರ ಕಲಹ. ಯಾವ ದಾರಿಯೂ ವಿಘ್ನರಹಿತವಾಗಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಬೇಕು.

ಅಂತಃಪುರದಿಂದ ಬಂದ ಅರಸರು

1629ರ ಜನವರಿಯಲ್ಲಿ ಅಬ್ಬಾಸನು ತೀರಿಕೊಂಡಾಗ ಪಟ್ಟಕ್ಕೆ ಬರಬಲ್ಲ ಮಗನು ಒಬ್ಬನೂ ಇರಲಿಲ್ಲ. ಹತನಾದ ಸಫೀ ಮಿರ್ಜಾನ ಮಗ ಸಾಮ್ ಮಿರ್ಜಾನನ್ನು ಅಂತಃಪುರದಿಂದ ಹೊರತಂದು, ತಂದೆಯ ಹೆಸರನ್ನೇ ಇಟ್ಟು, ಷಾ ಸಫೀ ಎಂದು ಪಟ್ಟಕಟ್ಟಿದರು. ಆಗ ಅವನಿಗೆ ಸುಮಾರು ಹದಿನೆಂಟು ವರ್ಷ. ರಾಜ್ಯವೆಂದರೇನೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಭಯವೆಂದರೇನೆಂದು ಮಾತ್ರ ಅವನು ಚೆನ್ನಾಗಿ ಕಲಿತಿದ್ದನು. ರಾಜವಂಶದ ಗಂಡುಮಕ್ಕಳಲ್ಲಿ ಅನೇಕರನ್ನು ಕೊಲ್ಲಿಸಿದನು ಇಲ್ಲವೆ ಕುರುಡರನ್ನಾಗಿ ಮಾಡಿದನು. ಅಲ್ಲಾವರ್ದಿ ಖಾನನ ಮಗ, ಹೋರ್ಮುಜ್ ವಿಜಯದ ದಳಪತಿ, ಫಾರ್ಸಿನ ಇಮಾಮ್ ಕುಲಿ ಖಾನನನ್ನೂ ಅವನ ಕುಟುಂಬವನ್ನೂ ನಾಶಮಾಡಿಸಿದನು. 1638ರಲ್ಲಿ ಕಂದಹಾರವು ಮೊಗಲರ ಕೈಗೂ, ಬಾಗ್ದಾದು ಆಟೋಮನ್ನರ ಕೈಗೂ ಹೋಯಿತು. ಕುಡಿತದಿಂದ ಬಳಲಿ 1642ರಲ್ಲಿ ಅವನು ಸತ್ತನು.

ಅವನ ಮಗ ಎರಡನೆಯ ಅಬ್ಬಾಸನು ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದವನು. ಅಂತಃಪುರದ ಬದುಕು ಅವನ ಮನಸ್ಸನ್ನು ಪೂರ್ತಿಯಾಗಿ ಕುಗ್ಗಿಸುವ ಮೊದಲೇ ಅವನು ಹೊರಗೆ ಬಂದನು. ಕಲಿಯುವ ವಯಸ್ಸು ಇನ್ನೂ ಮೀರಿರಲಿಲ್ಲ. ಮಂತ್ರಿಗಳ ನಡುವೆ ಬೆಳೆದು, ಆಡಳಿತವನ್ನು ಕಣ್ಣಾರೆ ಕಂಡು, ನ್ಯಾಯದಲ್ಲಿ ಆಸಕ್ತಿಯುಳ್ಳ ಅರಸನಾದನು. 1649ರಲ್ಲಿ ಕಂದಹಾರವನ್ನು ಮೊಗಲರಿಂದ ಮರಳಿ ಪಡೆದನು. ಆಮೇಲೆ ಮೊಗಲ ಸೇನೆಗಳು ಮೂರು ಬಾರಿ ಮುತ್ತಿಗೆ ಹಾಕಿದರೂ ಅದನ್ನು ಬಿಟ್ಟುಕೊಡಲಿಲ್ಲ. ಮಹಾ ಅಬ್ಬಾಸನ ನಂತರ ಸಮರ್ಥನೆನಿಸಿಕೊಂಡ ಏಕೈಕ ಸಫಾವಿ ಅರಸನು, ಬಾಲ್ಯದಲ್ಲಿಯೇ ಅಂತಃಪುರವನ್ನು ಬಿಟ್ಟು ಬಂದವನೆಂಬುದು ಗಮನಾರ್ಹ. ರಕ್ತದಲ್ಲಿ ಕೊರತೆಯಿರಲಿಲ್ಲ; ಕೊರತೆಯಿದ್ದುದು ಶಿಕ್ಷಣದಲ್ಲಿ.

ಎರಡನೆಯ ಅಬ್ಬಾಸನು 1666ರಲ್ಲಿ ತೀರಿಕೊಂಡನು. ಆದರೆ ತನಗೆ ದೊರೆತಿದ್ದ ಭಾಗ್ಯವನ್ನು ಅವನು ತನ್ನ ಮಕ್ಕಳಿಗೆ ದೊರಕಿಸಿಕೊಟ್ಟಿರಲಿಲ್ಲ. ಹಿರಿಯ ಮಗನನ್ನು ಕರೆತರಲು ಅಧಿಕಾರಿಗಳು ಅಂತಃಪುರದ ಬಾಗಿಲಿಗೆ ಬಂದಾಗ, ಅವರು ಕೊಲ್ಲಲೋ ಕಣ್ಣು ಕೀಳಲೋ ಬಂದಿರುವರೆಂದು ಭಾವಿಸಿ ಆ ತರುಣನು ಹೊರಗೆ ಬರಲು ಹೆದರಿದನೆಂದು ಹೇಳಲಾಗಿದೆ. ಆಗ ಪರ್ಷಿಯಾದಲ್ಲಿದ್ದ ಫ್ರೆಂಚ್ ಪ್ರವಾಸಿ ಷಾರ್ಡೆನನು ಈ ಪಟ್ಟಾಭಿಷೇಕದ ಬಗ್ಗೆ ಒಂದು ಗ್ರಂಥವನ್ನೇ ಬರೆದು 1671ರಲ್ಲಿ ಪ್ರಕಟಿಸಿದನು. ಹೊಸ ಅರಸನು ಮೊದಲು ಎರಡನೆಯ ಸಫೀ ಎಂಬ ಹೆಸರಿನಿಂದ ಪಟ್ಟವೇರಿದನು. ಕ್ಷಾಮ, ಭೂಕಂಪ, ರೋಗರುಜಿನಗಳು ಒಂದರ ಮೇಲೊಂದು ಬಂದಾಗ, ಪಟ್ಟಾಭಿಷೇಕದ ಮುಹೂರ್ತವೇ ಸರಿಯಿರಲಿಲ್ಲವೆಂದು ಜೋಯಿಸರು ಹೇಳಿದರು. ಆದುದರಿಂದ 1668ರಲ್ಲಿ ಸುಲೇಮಾನ್ ಎಂಬ ಹೊಸ ಹೆಸರಿನಿಂದ ಮತ್ತೊಮ್ಮೆ ಪಟ್ಟಾಭಿಷೇಕವಾಯಿತು. ಹೆಸರು ಬದಲಾಯಿತು, ಮುಹೂರ್ತ ಬದಲಾಯಿತು. ಅರಸನು ಮಾತ್ರ ಬದಲಾಗಲಿಲ್ಲ. ಇಪ್ಪತ್ತೆಂಟು ವರ್ಷಗಳ ಆಳ್ವಿಕೆಯಲ್ಲಿ ಅವನು ಬಹುಕಾಲವನ್ನು ತಾನು ಹುಟ್ಟಿ ಬೆಳೆದ ಅಂತಃಪುರದಲ್ಲಿಯೇ ಕಳೆದನು. ರಾಜ್ಯದ ದೊಡ್ಡ ನಿರ್ಧಾರಗಳು ಕ್ರಮೇಣ ಅಂತಃಪುರದ ಸೇವಕರ ಆಲೋಚನಾ ಮಂಡಳಿಯಲ್ಲಿ ನಡೆಯತೊಡಗಿದವು.

ಇಷ್ಟಾದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. 1629ರಿಂದ 1722ರವರೆಗಿನ ತೊಂಬತ್ತಮೂರು ವರ್ಷಗಳಲ್ಲಿ ಸಿಂಹಾಸನಕ್ಕಾಗಿ ಒಂದು ಅಂತರ್ಯುದ್ಧವೂ ನಡೆಯಲಿಲ್ಲ. ಪ್ರತಿಸಲವೂ ಅರಸನ ಮಗನೋ ಮೊಮ್ಮಗನೋ ಶಾಂತವಾಗಿ ಪಟ್ಟವೇರಿದನು. ರೈತನು ಉತ್ತನು, ವರ್ತಕನು ರೇಷ್ಮೆಯನ್ನು ಮಾರಿದನು, ಇಸ್ಫಹಾನಿನ ಕುಶಲಿಗಳು ಕಂಬಳಿಗಳನ್ನು ನೆಯ್ದರು. ಮಹಾ ಅಬ್ಬಾಸನು ಯಾವ ವಿಪತ್ತನ್ನು ತಡೆಯಬೇಕೆಂದು ಬಯಸಿದನೋ ಅದನ್ನು ನಿಜವಾಗಿಯೂ ತಡೆದನು. ಆ ಶಾಂತಿಗೆ ತೆತ್ತ ಬೆಲೆಯ ಲೆಕ್ಕ ತಿಳಿದುಬಂದುದು ಕಷ್ಟಕಾಲ ಒದಗಿದಾಗಲೇ.

1722

ಸುಲೇಮಾನನು 1694ರಲ್ಲಿ ಮರಣಶಯ್ಯೆಯಲ್ಲಿದ್ದಾಗ, ನಿಮಗೆ ನೆಮ್ಮದಿ ಬೇಕಾದರೆ ಹಿರಿಯ ಮಗ ಹುಸೇನನನ್ನೂ, ರಾಜ್ಯಕ್ಕೆ ಕೀರ್ತಿ ಬೇಕಾದರೆ ಅವನ ತಮ್ಮನನ್ನೂ ಆರಿಸಿಕೊಳ್ಳಿರೆಂದು ಆಸ್ಥಾನದವರಿಗೆ ಹೇಳಿದನೆಂಬ ಕಥೆಯೊಂದು ಪ್ರಚಲಿತವಾಗಿದೆ. ಅವರು ನೆಮ್ಮದಿಯನ್ನು ಆರಿಸಿಕೊಂಡರು. ಕಥೆಯು ನಿಜವೋ ಅಲ್ಲವೋ, ಫಲವಂತೂ ಹಾಗೆಯೇ ಆಯಿತು. ಸುಲ್ತಾನ್ ಹುಸೇನನಿಗೆ ಆಗ ಇಪ್ಪತ್ತಾರು ವರ್ಷ. ಅಲ್ಲಿಯವರೆಗಿನ ಬದುಕೆಲ್ಲ ಅಂತಃಪುರದಲ್ಲಿಯೇ ಕಳೆದಿತ್ತು. ಅವನು ಕ್ರೂರಿಯಲ್ಲ, ದೈವಭಕ್ತ, ಮೃದು ಸ್ವಭಾವದವನು. ಯಾರು ಏನು ಹೇಳಿದರೂ ತುರ್ಕಿ ಭಾಷೆಯಲ್ಲಿ ಒಳ್ಳೆಯದು ಎಂದು ಒಪ್ಪಿಬಿಡುತ್ತಿದ್ದುದರಿಂದ ಆ ಮಾತೇ ಅವನ ಅಡ್ಡಹೆಸರಾಯಿತು. ಇಸ್ಫಹಾನಿನ ಹೊರವಲಯದಲ್ಲಿ ಫರಹಾಬಾದ್ ಎಂಬ ಉದ್ಯಾನ ಭವನವನ್ನು ಅಪಾರ ವೆಚ್ಚದಿಂದ ಕಟ್ಟಿಸಿದನು. ಚಹಾರ್ ಬಾಗ್ ಬೀದಿಯಲ್ಲಿ ಅವನು ಕಟ್ಟಿಸಿದ ವಿದ್ಯಾಶಾಲೆಯು ಪರ್ಷಿಯನ್ ವಾಸ್ತುಶಿಲ್ಪದ ಸೊಗಸಾದ ಕೃತಿಗಳಲ್ಲೊಂದು. ಪರರ ಮಕ್ಕಳಿಗಾಗಿ ಇಂಥ ಶಾಲೆಯನ್ನು ಕಟ್ಟಿಸಿದ ಅರಸನ ಸ್ವಂತ ಮಕ್ಕಳು ಅಂತಃಪುರದ ಕತ್ತಲೆಯಲ್ಲಿಯೇ ಬೆಳೆದರು.

ಇತ್ತ 1709ರಲ್ಲಿ ಕಂದಹಾರದ ಆಫ್ಘನ್ ನಾಯಕ ಮೀರ್ ವೈಸನು ಪರ್ಷಿಯಾದ ಅಧಿಪತಿಯನ್ನು ಕೊಂದು ಸ್ವತಂತ್ರನಾದನು. ಆಸ್ಥಾನದಲ್ಲಿ ಗುಂಪುಗಾರಿಕೆ ಬೆಳೆದು, 1720ರಲ್ಲಿ ಮಹಾಮಂತ್ರಿ ಫತ್ ಅಲಿ ಖಾನನ ಮೇಲೆ ಹುರುಳಿಲ್ಲದ ಆಪಾದನೆಯನ್ನು ಹೊರಿಸಿ ಅವನ ಕಣ್ಣುಗಳನ್ನು ಕಿತ್ತರು. ಆಫ್ಘನರ ವಿರುದ್ಧ ಸೇನೆಯನ್ನು ಸಿದ್ಧಪಡಿಸುತ್ತಿದ್ದ ಅವನ ಬಂಧುವನ್ನೂ ಸೆರೆಹಿಡಿದರು. ಖಜಾನೆ ಬರಿದಾಗಿತ್ತು, ಸೇನೆ ಸೊರಗಿತ್ತು, ಗಡಿಗಳಲ್ಲಿ ದಂಗೆಗಳೆದ್ದಿದ್ದವು. ರಾಜ್ಯದ ಪತನಕ್ಕೆ ಅರಸರ ಅಸಾಮರ್ಥ್ಯವೊಂದೇ ಕಾರಣವಲ್ಲ ನಿಜ. ಆದರೆ ಈ ಕಾರಣಗಳನ್ನೆಲ್ಲ ಒಟ್ಟಾಗಿ ನೋಡಿ ನಿರ್ಧರಿಸುವ ಒಂದು ಮನಸ್ಸು ಸಿಂಹಾಸನದ ಮೇಲೆ ಇರಲಿಲ್ಲ.

ಮೀರ್ ವೈಸನ ಮಗ ಮಹಮೂದನು 1722ರ ಮಾರ್ಚಿ 8ರಂದು ಇಸ್ಫಹಾನಿನ ಹತ್ತಿರದ ಗುಲ್ನಾಬಾದಿನಲ್ಲಿ ತನ್ನ ಸೇನೆಗಿಂತ ದೊಡ್ಡದಾಗಿದ್ದ ಪರ್ಷಿಯಾದ ಸೇನೆಯನ್ನು ಸೋಲಿಸಿ ನಗರಕ್ಕೆ ಮುತ್ತಿಗೆ ಹಾಕಿದನು. ಆಗ ಆಸ್ಥಾನಕ್ಕೆ ಒಬ್ಬ ಯುವರಾಜನ ನೆನಪಾಯಿತು. ಒಬ್ಬ ರಾಜಕುಮಾರನನ್ನು ಅಂತಃಪುರದಿಂದ ಹೊರಗೆ ಕರೆತಂದು ಉತ್ತರಾಧಿಕಾರಿಯೆಂದು ತೋರಿಸಿ, ಬಳಿಕ ಹಿಂದಕ್ಕೆ ಕಳುಹಿಸಿದರು. ಇನ್ನೊಬ್ಬನನ್ನು ತಂದು ಅವನನ್ನೂ ಹಿಂದಕ್ಕೆ ಕಳುಹಿಸಿದರು. ಕೊನೆಗೆ ಮೂರನೆಯವನಾದ ತಹಮಾಸ್ಪ್ ಮಿರ್ಜಾನನ್ನು ಜೂನ್ ತಿಂಗಳಲ್ಲಿ ಮುತ್ತಿಗೆಯನ್ನು ಭೇದಿಸಿ ಸಹಾಯವನ್ನು ತರಲು ಕಳುಹಿಸಿದರು. ನಾಡನ್ನು ಕಾಣದ, ಸೇನೆಯನ್ನು ನಡೆಸದ ಆ ತರುಣನಿಂದ ಸಹಾಯ ಬರಲಿಲ್ಲ. ನಗರದಲ್ಲಿ ಧಾನ್ಯ ಮುಗಿಯಿತು. ಜನರು ಕುದುರೆ ಕತ್ತೆಗಳನ್ನು, ಆಮೇಲೆ ಮರದ ತೊಗಟೆಯನ್ನು ಮತ್ತು ತೊಗಲನ್ನು ತಿಂದರು. ಬೀದಿಗಳಲ್ಲಿ ಹೆಣಗಳು ಬಿದ್ದವು. 1722ರ ಅಕ್ಟೋಬರ್ 23ರಂದು ಸುಲ್ತಾನ್ ಹುಸೇನನು ಫರಹಾಬಾದಿಗೆ ಹೋಗಿ, ತನ್ನ ಕೈಯಾರೆ ರಾಜಚಿಹ್ನೆಯ ತುರಾಯಿಯನ್ನು ಮಹಮೂದನ ಮುಂಡಾಸಿಗೆ ಸಿಕ್ಕಿಸಿದನು. ತಾನು ಅಕ್ಕರೆಯಿಂದ ಕಟ್ಟಿಸಿದ ಭವನದಲ್ಲಿಯೇ ಅವನು ತನ್ನ ಕಿರೀಟವನ್ನು ಬಿಟ್ಟುಕೊಟ್ಟನು.

1725ರಲ್ಲಿ ಮಹಮೂದನು ಸೆರೆಯಲ್ಲಿದ್ದ ಸಫಾವಿ ರಾಜಕುಮಾರರನ್ನು ಸಾಮೂಹಿಕವಾಗಿ ಕೊಲ್ಲಿಸಿದನು. ಆಮೇಲೆ ಮಹಮೂದನ ಉತ್ತರಾಧಿಕಾರಿ ಅಷ್ರಫನ ಆಜ್ಞೆಯಂತೆ ಹುಸೇನನೂ ಹತನಾದನು. ತಪ್ಪಿಸಿಕೊಂಡಿದ್ದ ತಹಮಾಸ್ಪನನ್ನು ನಾದಿರ್ ಎಂಬ ಸೇನಾನಿಯು 1729ರಲ್ಲಿ ಇಸ್ಫಹಾನಿನ ಸಿಂಹಾಸನದ ಮೇಲೆ ಕೂಡಿಸಿ, 1732ರಲ್ಲಿ ಇಳಿಸಿದನು. ಅವನ ಹಸುಗೂಸನ್ನು ಮೂರನೆಯ ಅಬ್ಬಾಸನೆಂದು ಕರೆದು ಕೆಲವು ವರ್ಷ ಆಳಿ, 1736ರಲ್ಲಿ ತಾನೇ ನಾದಿರ್ ಷಾ ಎಂದು ಪಟ್ಟವೇರಿದನು. ಮಹಾ ಅಬ್ಬಾಸನ ಹೆಸರು ಹೊತ್ತ ಕೊನೆಯ ಅರಸನು ತೊಟ್ಟಿಲಿನಲ್ಲಿದ್ದ ಮಗುವಾಗಿದ್ದನು. ಮುಂದೆ ದೆಹಲಿಯನ್ನು ಕೊಳ್ಳೆಹೊಡೆದ ಇದೇ ನಾದಿರನು ಸಫಾವಿಗಳ ಗತಿಯಿಂದ ಪಾಠವನ್ನು ಕಲಿಯಲಿಲ್ಲ. ತನ್ನ ಸಮರ್ಥನಾದ ಹಿರಿಯ ಮಗ ರಜಾ ಕುಲಿಯ ಮೇಲೆ ಸಂಶಯಗೊಂಡು ಅವನ ಕಣ್ಣುಗಳನ್ನು ಕೀಳಿಸಿದನು. ನಾದಿರನು ಸತ್ತ ಮೇಲೆ ಅವನ ಸಾಮ್ರಾಜ್ಯವು ಛಿದ್ರವಾಯಿತು.

ಉಳಿದ ಹೆಸರು

ರಾಜ್ಯ ಹೋದ ಮೇಲೆಯೂ ಸಫಾವಿಗಳ ಹೆಸರಿನ ಮೇಲೆ ಜನರಿಗಿದ್ದ ಗೌರವ ಹೋಗಲಿಲ್ಲ. ಅಲ್ಲಲ್ಲಿ ತಾನು ಸಫಾವಿ ರಾಜಕುಮಾರನೆಂದು ಹೇಳಿಕೊಂಡು ಎದ್ದವರಿಗೆ ಬೆಂಬಲಿಗರು ದೊರೆತರು. ಸುಮಾರು 1750ರಿಂದ ಪರ್ಷಿಯಾದ ಬಹುಭಾಗವನ್ನು ಆಳಿದ ಕರೀಮ್ ಖಾನ್ ಜಂದನು ತನ್ನನ್ನು ಅರಸನೆಂದು ಕರೆದುಕೊಳ್ಳದೆ, ಸುಲ್ತಾನ್ ಹುಸೇನನ ಮಗಳ ಮಗನೊಬ್ಬನನ್ನು ಮೂರನೆಯ ಇಸ್ಮಾಯಿಲನೆಂದು ಹೆಸರಿಗೆ ಅರಸನನ್ನಾಗಿ ಇರಿಸಿ, ತಾನು ಕೇವಲ ಪ್ರತಿನಿಧಿಯೆಂದು ಹೇಳಿಕೊಂಡನು. ಜನರ ಶ್ರದ್ಧೆಯಿತ್ತು, ವಂಶದ ಕೀರ್ತಿಯಿತ್ತು, ಸಿಂಹಾಸನವೂ ಇತ್ತು. ಅದರ ಮೇಲೆ ಕುಳಿತುಕೊಳ್ಳಲು ತಕ್ಕವನಾಗಿ ಬೆಳೆಸಿದ ಒಬ್ಬ ಮನುಷ್ಯನಿರಲಿಲ್ಲ.

ಅರ್ದಬಿಲಿನ ಗುರುಪೀಠದಲ್ಲಿ ಮೊದಲ ತಲೆಮಾರುಗಳು ಅನುಸರಿಸಿದ ರೀತಿ ಬೇರೆ. ಇಸ್ಫಹಾನಿನ ಅರಮನೆಯಲ್ಲಿ ಕಡೆಯ ನಾಲ್ಕು ತಲೆಮಾರುಗಳು ಅನುಸರಿಸಿದ ರೀತಿ ಬೇರೆ. ಮೊದಲಿನವರಲ್ಲಿ ಮಗನು ತಂದೆಯ ಬಳಿಯಲ್ಲಿ ಕುಳಿತು, ಶಿಷ್ಯರ ಕಣ್ಣೆದುರಿನಲ್ಲಿ ಬೆಳೆದು, ಪೀಠವನ್ನು ಪಡೆದನು. ಕಡೆಯವರಲ್ಲಿ ಮಗನು ತಂದೆಯ ಹೆಜ್ಜೆಯ ಸಪ್ಪಳಕ್ಕೆ ನಡುಗುತ್ತ ಬೆಳೆದನು. ಮಹಾ ಅಬ್ಬಾಸನು ಸೇತುವೆಗಳನ್ನೂ ಸೇನೆಯನ್ನೂ ರಾಜಧಾನಿಯನ್ನೂ ಕಟ್ಟಿದನು. ತನ್ನ ನಂತರದವನನ್ನು ಕಟ್ಟುವ ಕೆಲಸವೊಂದನ್ನು ಮಾತ್ರ ಅವನು ಕೈಬಿಟ್ಟನು. ಕೈಬಿಟ್ಟ ಆ ಒಂದು ಕೆಲಸವು ನೂರು ವರ್ಷಗಳ ಬಳಿಕ ಉಳಿದೆಲ್ಲ ಕೆಲಸಗಳನ್ನೂ ಕೆಡವಿತು.